ದಿನಾಂಕ ಕೈಯಲ್ಲಿದೆ, ಜೊತೆಗಾರರು ಕೈಯಲ್ಲಿಲ್ಲ: ಅವಧಿಗೆ ಮುಂಚಿನ ಚುನಾವಣೆಗಳ ಒಳಕಥೆ

ನಮಸ್ಕಾರ.

ಅವಧಿಗೆ ಮುಂಚೆ ಬಂದ ಚುನಾವಣೆಗಳು ಎಂದ ಕೂಡಲೇ ನಮ್ಮ ನೆನಪಿಗೆ ಬರುವುದು ಘೋಷಣೆಗಳು. 1971 ಎಂದರೆ ‘ಗರೀಬಿ ಹಟಾವೊ’. 2004 ಎಂದರೆ ‘ಭಾರತ ಪ್ರಕಾಶಿಸುತ್ತಿದೆ’. ನಾನು ಇವತ್ತು ಘೋಷಣೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾಷಣ, ಪೋಸ್ಟರ್, ಮೆರವಣಿಗೆ ಶುರುವಾಗುವ ಮೊದಲೇ ಒಂದಿಷ್ಟು ವಾರಗಳು ಇರುತ್ತವೆ. ಸದನ ವಿಸರ್ಜನೆಯಾದ ದಿನದಿಂದ ನಾಮಪತ್ರ ಹಾಕುವ ಕೊನೆಯ ದಿನದವರೆಗೆ. ಪಕ್ಷಗಳು ಒಡೆಯುವುದು, ಕೂಡುವುದು, ಹೊಸ ಪಕ್ಷ ಹುಟ್ಟುವುದು, ನಿನ್ನೆಯವರೆಗೆ ಬೈದವರ ಮನೆ ಬಾಗಿಲು ತಟ್ಟುವುದು, ಎಲ್ಲ ಆ ವಾರಗಳಲ್ಲೇ. ನನ್ನ ಮಾತು ಅದರ ಬಗ್ಗೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಚುನಾವಣೆಯನ್ನು ಮುಂಚೆ ತರುವ ನಾಯಕ ದಿನಾಂಕವನ್ನು ಆರಿಸಿಕೊಳ್ಳಬಹುದು. ದಿನಾಂಕ ಗೊತ್ತಾದ ಮೇಲೆ ಯಾರು ಯಾರ ಜೊತೆ ಸೇರುತ್ತಾರೆ ಎಂಬುದು ಅವರ ಕೈಯಲ್ಲಿ ಇರುವುದಿಲ್ಲ. ಗೆಲುವು ಸೋಲು ಬಹಳ ಸಲ ಈ ಎರಡನೆಯದರಲ್ಲೇ ತೀರ್ಮಾನವಾಗಿದೆ.

ಮೊದಲು ಕಾನೂನು, ಎರಡೇ ಮಾತಲ್ಲಿ. ಸಂವಿಧಾನದ 83ನೇ ವಿಧಿಯ ಪ್ರಕಾರ ಲೋಕಸಭೆಯ ಅವಧಿ ಮೊದಲ ಬೈಠಕ್‌ನಿಂದ ಐದು ವರ್ಷ. 85ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಅದನ್ನು ಮುಂಚೆಯೇ ವಿಸರ್ಜಿಸಬಹುದು. ಬಹುಮತ ಇರುವ ಪ್ರಧಾನಿ ಸಲಹೆ ಕೊಟ್ಟರೆ ರಾಷ್ಟ್ರಪತಿ ಒಪ್ಪುತ್ತಾರೆ. ಬಹುಮತ ಕಳೆದುಕೊಂಡವರು ಕೇಳಿದರೆ, ಬೇರೆ ಯಾರಾದರೂ ಸರ್ಕಾರ ಮಾಡಬಹುದಾ ಎಂದು ನೋಡುತ್ತಾರೆ. ಹಾಗಾಗಿ ನಮ್ಮಲ್ಲಿ ಎರಡು ಥರದ ಮುಂಚಿನ ಚುನಾವಣೆಗಳಿವೆ. ನಾಯಕರು ತಾವಾಗಿ ತಂದದ್ದು ಒಂದು, ಸದನ ಕುಸಿದು ಬಿದ್ದದ್ದು ಇನ್ನೊಂದು.

1971ರ ಕಥೆ ಶುರುವಾಗುವುದು ನಮ್ಮ ಬೆಂಗಳೂರಿನಲ್ಲೇ. 1969ರ ಜುಲೈ. ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರಾಷ್ಟ್ರಪತಿ ಚುನಾವಣೆಗೆ ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಪಕ್ಷದ ಹಿರಿಯರು ಇಲ್ಲೇ ಗಟ್ಟಿ ಮಾಡಿದರು. ಇಂದಿರಾ ಗಾಂಧಿಯವರಿಗೆ ಅದು ಇಷ್ಟವಿರಲಿಲ್ಲ. ದೆಹಲಿಗೆ ಮರಳಿದವರೇ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ. ಆಗಸ್ಟ್‌ನಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಸೋತು, ಇಂದಿರಾ ಕಡೆಯವರ ಬೆಂಬಲ ಇದ್ದ ವಿ.ವಿ. ಗಿರಿ ಗೆದ್ದರು. ನವೆಂಬರ್ 12ಕ್ಕೆ ಇಂದಿರಾ ಅವರನ್ನೇ ಪಕ್ಷದಿಂದ ಹೊರಹಾಕಿದರು. ಪ್ರಧಾನಿಯನ್ನು ಅವರದೇ ಪಕ್ಷ ಉಚ್ಚಾಟಿಸಿದ್ದು! ಪಕ್ಷ ಎರಡಾಯಿತು. ಹಿರಿಯರದ್ದು ಸಂಸ್ಥಾ ಕಾಂಗ್ರೆಸ್. ಇನ್ನೊಂದು ಇಂದಿರಾ ಅವರದ್ದು.

ಒಡೆದ ಮೇಲೆ ಇಂದಿರಾ ಸರ್ಕಾರಕ್ಕೆ ಸ್ವಂತ ಬಹುಮತ ಉಳಿಯಲಿಲ್ಲ. ಕಮ್ಯುನಿಸ್ಟರು, ಡಿಎಂಕೆ ಆಸರೆಯಲ್ಲಿ ನಡೆಯಿತು. ಹಳೇ ರಾಜರಿಗೆ ಸರ್ಕಾರ ವರ್ಷಾ ವರ್ಷ ಕೊಡುತ್ತಿದ್ದ ರಾಜಧನ ರದ್ದು ಮಾಡುವ ಮಸೂದೆ 1970ರ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಕೂದಲೆಳೆಯಲ್ಲಿ ಬಿತ್ತು. ರಾಷ್ಟ್ರಪತಿ ಆದೇಶದ ದಾರಿ ಹಿಡಿದರು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಡಿಸೆಂಬರ್ 27ಕ್ಕೆ ಲೋಕಸಭೆ ವಿಸರ್ಜನೆ. ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಇತ್ತು.

ಮತದಾನ ಮಾರ್ಚ್ 1ರಿಂದ. ಮಧ್ಯೆ ಇದ್ದದ್ದು ಎರಡು ತಿಂಗಳು. ಅಷ್ಟರಲ್ಲಿ ಎದುರಾಳಿಗಳು ಸುಮ್ಮನೆ ಕೂರಲಿಲ್ಲ. ಸಂಸ್ಥಾ ಕಾಂಗ್ರೆಸ್, ಜನಸಂಘ, ಸ್ವತಂತ್ರ ಪಕ್ಷ, ಸಂಯುಕ್ತ ಸಮಾಜವಾದಿಗಳು ಕೂಡಿ ಮಹಾಮೈತ್ರಿ ಮಾಡಿಕೊಂಡರು. ಕಾಗದದ ಮೇಲೆ ಅದು ಭಾರಿ ಲೆಕ್ಕ. ಫಲಿತಾಂಶ ಏನಾಯಿತು? ಇಂದಿರಾ ಕಾಂಗ್ರೆಸ್ 518ರಲ್ಲಿ 352. ಜನಸಂಘ 22, ಸಂಸ್ಥಾ ಕಾಂಗ್ರೆಸ್ 16, ಸ್ವತಂತ್ರ ಪಕ್ಷ 8.

ಹಾಗಾದರೆ ನಿಮ್ಮ ವಾದ ಇಲ್ಲೇ ಬಿತ್ತಲ್ಲ ಎಂದು ನೀವು ಕೇಳಬಹುದು. ವಿರೋಧಿಗಳು ಒಂದಾದರು, ಆದರೂ ಸೋತರು. ಸ್ವಲ್ಪ ತಡೆಯಿರಿ. ಇಂದಿರಾ ಕೂಡ ಆ ಎರಡು ತಿಂಗಳಲ್ಲಿ ಜೊತೆಗಾರರನ್ನು ಹುಡುಕಿದ್ದರು, ಅದೂ ಬಹಳ ಜಾಣತನದಿಂದ. ತಮಿಳುನಾಡಿನಲ್ಲಿ ಡಿಎಂಕೆಯ ಕರುಣಾನಿಧಿಯವರ ಜೊತೆ ಒಪ್ಪಂದ ಮಾಡಿಕೊಂಡರು. ಅಲ್ಲಿ ವಿಧಾನಸಭೆಗೂ ಅದೇ ಸಲ ಚುನಾವಣೆ. ವಿಧಾನಸಭೆಯಲ್ಲಿ ಇಂದಿರಾ ಕಾಂಗ್ರೆಸ್ ಒಂದು ಸೀಟಿಗೂ ನಿಲ್ಲಲಿಲ್ಲ. ಬದಲಿಗೆ ಲೋಕಸಭೆಗೆ 9 ಸೀಟು ಪಡೆಯಿತು. ಒಂಬತ್ತನ್ನೂ ಗೆದ್ದಿತು. ಸಂಸ್ಥಾ ಕಾಂಗ್ರೆಸ್‌ನ ಕಾಮರಾಜರ ಸ್ವಂತ ನೆಲದಲ್ಲಿ ನಡೆದ ಮಾತು ಇದು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1952ರಿಂದ 1967ರವರೆಗೆ ಲೋಕಸಭೆ, ವಿಧಾನಸಭೆ ಎರಡಕ್ಕೂ ಹೆಚ್ಚಾಗಿ ಒಟ್ಟಿಗೇ ಮತದಾನ ನಡೆಯುತ್ತಿತ್ತು. ಎಂಪಿ ಅಭ್ಯರ್ಥಿ ಎಂಎಲ್ಎ ಅಭ್ಯರ್ಥಿಗಳ ಹೆಗಲ ಮೇಲೆ ಕೂತು ಗೆಲ್ಲುತ್ತಿದ್ದ. ಎಂಎಲ್ಎ ಅಭ್ಯರ್ಥಿ ಸ್ಥಳೀಯ ಮುಖಂಡರ, ಜಾತಿ ನಾಯಕರ ಹೆಗಲ ಮೇಲೆ. ಅವಧಿಗೆ ಮುಂಚೆ, ಹೆಚ್ಚಿನ ಕಡೆ ಲೋಕಸಭೆಗೆ ಮಾತ್ರ, ಚುನಾವಣೆ ತಂದಾಗ ಆ ಸರಪಳಿ ಕಡಿದುಹೋಯಿತು. ಮತದಾರನ ಮುಂದೆ ಒಂದೇ ಪ್ರಶ್ನೆ ಉಳಿಯಿತು: ಇಂದಿರಾ ಬೇಕಾ, ಬೇಡವಾ? ಮಹಾಮೈತ್ರಿಯವರು ‘ಇಂದಿರಾ ಹಟಾವೊ’ ಎಂದು ಕೂಗಿ ಆ ಪ್ರಶ್ನೆಯನ್ನು ತಾವೇ ಇನ್ನಷ್ಟು ಗಟ್ಟಿ ಮಾಡಿದರು. ಅವರ ಹತ್ತಿರ ನಾಯಕರಿದ್ದರು. ನಾಯಕರ ಹಿಂದೆ ಬರಬೇಕಿದ್ದ ಮತಗಳು ಬರಲಿಲ್ಲ.

ನಮ್ಮ ರಾಜ್ಯವನ್ನೇ ನೋಡಿ. ಆಗ ಇನ್ನೂ ಮೈಸೂರು ರಾಜ್ಯ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಸಂಸ್ಥಾ ಕಾಂಗ್ರೆಸ್‌ನವರು. ಇಂದಿರಾ ಅವರನ್ನು ಹೊರಹಾಕಿದ ನಿಜಲಿಂಗಪ್ಪನವರೂ ಇಲ್ಲಿಯವರೇ. ಸರ್ಕಾರ, ಅಧಿಕಾರ, ಜಾತಿ ಬಲ ಎಲ್ಲ ಒಂದು ಕಡೆ. ಇನ್ನೊಂದು ಕಡೆ ದೇವರಾಜ ಅರಸು ಕಟ್ಟುತ್ತಿದ್ದ ಹೊಸ ಪಕ್ಷ. ಹಳೆಯ ಜೋಡೆತ್ತಿನ ಗುರುತು ಯಾರಿಗೂ ಸಿಗಲಿಲ್ಲ. ಇಂದಿರಾ ಅವರಿಗೆ ಹಸು-ಕರು, ಎದುರಾಳಿಗಳಿಗೆ ಚರಕ ತಿರುಗಿಸುವ ಹೆಂಗಸು. ಫಲಿತಾಂಶ ಬಂದಾಗ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್‌ಗೆ. ವೀರೇಂದ್ರ ಪಾಟೀಲರ ಸರ್ಕಾರ ಅದೇ ಮಾರ್ಚ್‌ನಲ್ಲಿ ಹೋಯಿತು. ಮರು ವರ್ಷ ಅರಸು ಮುಖ್ಯಮಂತ್ರಿಯಾದರು. ಲೋಕಸಭೆಯನ್ನು ಒಂದು ವರ್ಷ ಮುಂಚೆ ವಿಸರ್ಜಿಸಿದ್ದಕ್ಕೆ ಇಲ್ಲಿ ಒಂದು ತಲೆಮಾರಿನ ರಾಜಕೀಯವೇ ಬದಲಾಯಿತು.

ಇದರ ಜೊತೆ ಇನ್ನೊಂದು ಬದಲಾವಣೆಯೂ ಆಯಿತು, ಅದರ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ಎರಡು ತಿಂಗಳಲ್ಲಿ ಚುನಾವಣೆ ಎಂದರೆ ಟಿಕೆಟ್ ಹಂಚಲು ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಸಭೆ ಮಾಡುತ್ತಾ ಕೂರಲು ಆಗುವುದಿಲ್ಲ. ಪಟ್ಟಿ ದೆಹಲಿಯಲ್ಲೇ ತಯಾರಾಗುತ್ತದೆ. ತುರ್ತು ಮುಗಿದ ಮೇಲೂ ಆ ಅಭ್ಯಾಸ ಉಳಿಯಿತು. 1972ರ ನಂತರ ಕಾಂಗ್ರೆಸ್‌ನಲ್ಲಿ ಸಂಘಟನಾ ಚುನಾವಣೆ ನಡೆದದ್ದು 1992ರಲ್ಲಿ, 20 ವರ್ಷಗಳ ಮೇಲೆ. ಈಗ ಎಲ್ಲ ಪಕ್ಷಗಳಲ್ಲೂ ‘ಹೈಕಮಾಂಡ್ ತೀರ್ಮಾನ’ ಎನ್ನುತ್ತೇವಲ್ಲ, ಅದರ ಒಂದು ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಈಗ 1977. ಇದು ವಿಚಿತ್ರ ಪ್ರಕರಣ. ಆ ಲೋಕಸಭೆಯ ಐದು ವರ್ಷ 1976ರ ಮಾರ್ಚ್‌ನಲ್ಲೇ ಮುಗಿಯಬೇಕಿತ್ತು. ತುರ್ತು ಪರಿಸ್ಥಿತಿ ಎಂದು ಎರಡು ಸಲ ಒಂದೊಂದು ವರ್ಷ ಎಳೆದಿದ್ದರು. 1978ರವರೆಗೆ ಕಾಯಬಹುದಿತ್ತು. ಆದರೂ ಇಂದಿರಾ 1977ರ ಜನವರಿ 18ಕ್ಕೆ ಚುನಾವಣೆ ಘೋಷಿಸಿದರು. ವಿರೋಧಿ ನಾಯಕರು ಜೈಲಿನಿಂದ ಆಗತಾನೆ ಹೊರಬರುತ್ತಿದ್ದರು. ಹಣ ಇಲ್ಲ, ಕಾರ್ಯಕರ್ತರಿಲ್ಲ, ಒಂದೇ ಪಕ್ಷ ಎಂಬುದೂ ಇಲ್ಲ. ಮಾರ್ಚ್‌ನಲ್ಲಿ ಮತದಾನ. ಅಷ್ಟರಲ್ಲಿ ಇವರು ಏನು ಮಾಡಿಯಾರು ಎಂಬ ಲೆಕ್ಕ ತಪ್ಪೇನಲ್ಲ.

ಐದೇ ದಿನದಲ್ಲಿ, ಜನವರಿ 23ಕ್ಕೆ, ಜನತಾ ಪಕ್ಷ ಘೋಷಣೆಯಾಯಿತು. ಇಷ್ಟು ಬೇಗ ಹೇಗೆ ಸಾಧ್ಯವಾಯಿತು? ಮಾತುಕತೆ ಜೈಲಿನಲ್ಲೇ ಅರ್ಧ ಮುಗಿದಿತ್ತು. ಜನಸಂಘದ ಅಡ್ವಾಣಿ, ಸಮಾಜವಾದಿ ಮಧು ದಂಡವತೆ ಇದೇ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಹೊರಗೆ ಇದ್ದಾಗ ಒಂದೇ ವೇದಿಕೆ ಹತ್ತದವರು ಒಳಗೆ ಒಂದೇ ಪತ್ರಿಕೆ ಹಂಚಿಕೊಂಡು ಓದುವಂತಾಯಿತು. ಹೊಸ ಪಕ್ಷಕ್ಕೆ ಚಿಹ್ನೆ ಪಡೆಯಲೂ ಸಮಯವಿರಲಿಲ್ಲ. ಹೆಚ್ಚಿನ ಕಡೆ ಚರಣ್ ಸಿಂಗ್ ಅವರ ಲೋಕದಳದ ನೇಗಿಲು ಹೊತ್ತ ರೈತನ ಚಿಹ್ನೆಯಲ್ಲೇ ನಿಂತರು. ಫೆಬ್ರವರಿ 2ಕ್ಕೆ ಜಗಜೀವನ್ ರಾಂ ಸಂಪುಟ ಬಿಟ್ಟು ಹೊರಬಂದರು. ನನ್ನ ಲೆಕ್ಕದಲ್ಲಿ ಆ ಚುನಾವಣೆ ತಿರುಗಿದ್ದು ಅವತ್ತು. ಅಲ್ಲಿಯವರೆಗೆ ಅದು ಹೊರಗಿನವರ ಹೋರಾಟ. ಆಮೇಲೆ ಒಳಗಿನವರೇ ‘ಈ ಸರ್ಕಾರ ಹೋಗಬಹುದು’ ಎಂದು ಹೇಳಿದಂತಾಯಿತು. ಹೆದರಿಕೊಂಡಿದ್ದ ಅಧಿಕಾರಿಗಳಿಗೂ ಜನರಿಗೂ ಅದು ಸಾಕಿತ್ತು. ಉತ್ತರ ಪ್ರದೇಶದ 85, ಬಿಹಾರದ 54 ಸೀಟುಗಳಲ್ಲಿ ಕಾಂಗ್ರೆಸ್‌ಗೆ ಒಂದೂ ಬರಲಿಲ್ಲ.

ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್‌ಗೆ. ಇಲ್ಲಿ ಅರಸು ಪಕ್ಷದ ಒಳಗೇ ಇದ್ದರು. ಉತ್ತರದಲ್ಲಿ ನಡೆದಂತೆ ಒಳಗಿನಿಂದ ಯಾರೂ ಒಡೆಯಲಿಲ್ಲ. ಒಂದೇ ಚುನಾವಣೆ, ಎರಡು ದೇಶಗಳ ಫಲಿತಾಂಶದ ಥರ ಬಂತು.

1979 ಮತ್ತು 1991 ಬೇಗ ಹೇಳಿ ಮುಗಿಸುತ್ತೇನೆ, ಎರಡರ ನಡೆಯೂ ಒಂದೇ. ಸರ್ಕಾರ ಒಳಜಗಳದಿಂದ ಬೀಳುತ್ತದೆ. ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಟ್ಟು ಇನ್ನೊಬ್ಬರನ್ನು ಕೂರಿಸುತ್ತದೆ. ಸ್ವಲ್ಪ ದಿನಕ್ಕೆ ಬೆಂಬಲ ಕೈತಪ್ಪುತ್ತದೆ. ಚರಣ್ ಸಿಂಗ್ 1979ರ ಜುಲೈ 28ಕ್ಕೆ ಪ್ರಮಾಣ ವಚನ ತೆಗೆದುಕೊಂಡು, ಲೋಕಸಭೆಯನ್ನು ಒಮ್ಮೆಯೂ ಎದುರಿಸದೆ, ಆಗಸ್ಟ್ 20ಕ್ಕೆ ರಾಜೀನಾಮೆ ಕೊಟ್ಟರು. ಚಂದ್ರಶೇಖರ್ 1990ರ ನವೆಂಬರ್‌ನಲ್ಲಿ ಬಂದು ಮಾರ್ಚ್ 6ಕ್ಕೆ ರಾಜೀನಾಮೆ. ಕಾರಣ ಕೇಳಿದರೆ, ರಾಜೀವ್ ಗಾಂಧಿ ಮನೆ ಹತ್ತಿರ ಹರಿಯಾಣದ ಇಬ್ಬರು ಪೊಲೀಸರು ಬೇಹುಗಾರಿಕೆ ಆರೋಪದಲ್ಲಿ ಸಿಕ್ಕಿಬಿದ್ದ ಪ್ರಕರಣ! ಎರಡು ಸಲವೂ ಜನ ಬೆಂಬಲ ಹಿಂದೆಗೆದುಕೊಂಡವರನ್ನು ಶಿಕ್ಷಿಸಲಿಲ್ಲ, ಜಗಳವಾಡಿದವರನ್ನು ಶಿಕ್ಷಿಸಿದರು. 1980ರಲ್ಲಿ ಇಂದಿರಾ ಅವರಿಗೆ 353 ಸೀಟು. 1991ರ ಲೆಕ್ಕ ಬೇರೆ. ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ರಾಜೀವ್ ಹತ್ಯೆಯಾಯಿತು, ಉಳಿದ ಮತದಾನ ಜೂನ್‌ಗೆ ಹೋಯಿತು. ಅದನ್ನು ಯಾವ ಸೂತ್ರಕ್ಕೂ ಹೊಂದಿಸಲು ಹೋಗಬಾರದು.

ನನಗೆ ತುಂಬ ಆಸಕ್ತಿ ಇರುವುದು 1997ರ ಡಿಸೆಂಬರ್. ದೇವೇಗೌಡರ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿ ಅದೇ ವರ್ಷ ಮಾರ್ಚ್ 30ಕ್ಕೆ ಹಿಂದೆಗೆದುಕೊಂಡಿದ್ದರು. ಆಮೇಲೆ ಐ.ಕೆ. ಗುಜ್ರಾಲ್ ಪ್ರಧಾನಿಯಾಗಿ ಬಂದರು. ನವೆಂಬರ್‌ನಲ್ಲಿ, ರಾಜೀವ್ ಹತ್ಯೆಯ ತನಿಖೆ ನಡೆಸಿದ ಜೈನ್ ಆಯೋಗದ ವರದಿ ಸೋರಿಕೆಯಾಯಿತು. ಅದು ಡಿಎಂಕೆ ಕಡೆ ಬೆರಳು ತೋರಿಸಿತ್ತು. ಡಿಎಂಕೆ ಮಂತ್ರಿಗಳನ್ನು ಕೈಬಿಡಿ ಎಂದು ಕಾಂಗ್ರೆಸ್ ಹಠ ಹಿಡಿಯಿತು. ಗುಜ್ರಾಲ್ ಒಪ್ಪಲಿಲ್ಲ. ಡಿಸೆಂಬರ್ 4ಕ್ಕೆ ಲೋಕಸಭೆ ವಿಸರ್ಜನೆಯಾಯಿತು. ಮೊದಲ ಹಂತದ ಮತದಾನ ಫೆಬ್ರವರಿ 16ಕ್ಕೆ.

ಈ ಹತ್ತು ಹನ್ನೊಂದು ವಾರಗಳಲ್ಲಿ ಆದದ್ದನ್ನು ಕೇಳಿ. ಒಡಿಶಾದಲ್ಲಿ ಜನತಾದಳ ಒಡೆಯಿತು. ಬಿಜು ಪಟ್ನಾಯಕ್ ಅದೇ ವರ್ಷ ತೀರಿಕೊಂಡಿದ್ದರು. ಮಗ ನವೀನ್ ಡಿಸೆಂಬರ್ 26ಕ್ಕೆ ಬಿಜು ಜನತಾದಳ ಕಟ್ಟಿದರು, ಬಿಜೆಪಿ ಜೊತೆ ಸೇರಿದರು, 9 ಸೀಟು ಗೆದ್ದರು. 2000ದಿಂದ 2024ರವರೆಗೆ ಅವರೇ ಅಲ್ಲಿ ಮುಖ್ಯಮಂತ್ರಿ. ಆರು ದಿನ ಬಿಟ್ಟು, ಜನವರಿ 1ಕ್ಕೆ, ಬಂಗಾಳದಲ್ಲಿ ಮಮತಾ ಬ್ಯಾನರ್ಜಿ ಕಾಂಗ್ರೆಸ್‌ನಿಂದ ಹೊರಬಂದು ತೃಣಮೂಲ ಶುರು ಮಾಡಿದರು. ಮೊದಲ ಚುನಾವಣೆಯಲ್ಲೇ 7 ಸೀಟು. 2011ರಲ್ಲಿ ಎಡರಂಗದ 34 ವರ್ಷದ ಆಡಳಿತ ಮುಗಿಸಿದ್ದು ಇದೇ ಪಕ್ಷ. ತಮಿಳುನಾಡಿನಲ್ಲಿ ಜಯಲಲಿತಾ ಬಿಜೆಪಿ ಕೈಹಿಡಿದರು. 39ರಲ್ಲಿ 30 ಸೀಟು ಆ ಕೂಟಕ್ಕೆ. ಕಾಂಗ್ರೆಸ್ ಪರ ಪ್ರಚಾರಕ್ಕೆ ಇಳಿಯುತ್ತೇನೆ ಎಂದು ಸೋನಿಯಾ ಗಾಂಧಿ ಒಪ್ಪಿದ್ದೂ ಆ ಡಿಸೆಂಬರ್ ಕೊನೆಯಲ್ಲೇ.

ಇಲ್ಲಿ ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆ. ಜನತಾದಳ ಅವರನ್ನು 1996ರಲ್ಲೇ ಹೊರಹಾಕಿತ್ತು. ಅವರು ಲೋಕಶಕ್ತಿ ಕಟ್ಟಿದ್ದರು. ಚುನಾವಣೆ ಬಂತು, ಬಿಜೆಪಿ ಜೊತೆ ಸೀಟು ಹೊಂದಾಣಿಕೆ ಆಯಿತು. ಬಿಜೆಪಿಗೆ 13, ಲೋಕಶಕ್ತಿಗೆ 3, ಕಾಂಗ್ರೆಸ್‌ಗೆ 9. ರಾಜ್ಯದಲ್ಲಿ ಅಧಿಕಾರ ನಡೆಸುತ್ತಿದ್ದ, ದೇಶಕ್ಕೆ ಪ್ರಧಾನಿ ಕೊಟ್ಟಿದ್ದ ಜನತಾದಳಕ್ಕೆ 3. ದೇಶದಲ್ಲಿ ಬಿಜೆಪಿ 161ರಿಂದ 182ಕ್ಕೆ ಏರಿತು. ಆ ಹೆಚ್ಚುವರಿ 21 ಸೀಟಿಗಿಂತ, ಜೊತೆಗೆ ಬಂದವರ ಸೀಟುಗಳೇ ವಾಜಪೇಯಿಯವರನ್ನು ಪ್ರಧಾನಿ ಮಾಡಿದ್ದು. ಚುನಾವಣೆಯನ್ನು ತಂದದ್ದು ಕಾಂಗ್ರೆಸ್, ಜೊತೆಗಾರರು ಸಿಕ್ಕಿದ್ದು ಬಿಜೆಪಿಗೆ.

ಹದಿಮೂರು ತಿಂಗಳಿಗೆ ವಾಜಪೇಯಿ ಸರ್ಕಾರವೂ ಬಿತ್ತು. ಜಯಲಲಿತಾ ಕೈಬಿಟ್ಟರು. 1999ರ ಏಪ್ರಿಲ್ 17ಕ್ಕೆ ವಿಶ್ವಾಸಮತದಲ್ಲಿ 269ಕ್ಕೆ 270, ಒಂದೇ ಮತ. ಸೋನಿಯಾ ‘ನಮಗೆ 272 ಇದೆ’, ಅಂದರೆ ಬಹುಮತ ಇದೆ, ಎಂದರು. ಸಮಾಜವಾದಿ ಪಕ್ಷದ ಮುಲಾಯಂ ಸಿಂಗ್ ಬೆಂಬಲ ಕೊಡಲಿಲ್ಲ, 272 ಆಗಲಿಲ್ಲ. ಏಪ್ರಿಲ್ 26ಕ್ಕೆ ಸದನ ವಿಸರ್ಜನೆಯಾಯಿತು. ಆದರೆ ಮತದಾನ ಸೆಪ್ಟೆಂಬರ್‌ಗೆ ಹೋಯಿತು. ಇಷ್ಟು ಉದ್ದದ ಅಂತರದಲ್ಲಿ ಕಾರ್ಗಿಲ್ ಯುದ್ಧವೇ ನಡೆದುಹೋಯಿತು. ಎಲ್ಲರೂ ಕಾರ್ಗಿಲ್ ನೆನಪಿಟ್ಟುಕೊಂಡಿದ್ದಾರೆ. ಅದೇ ಹೊತ್ತಲ್ಲಿ ಡಿಎಂಕೆ ವಾಜಪೇಯಿ ಕಡೆ ಬಂದಿತ್ತು. ಕಾಂಗ್ರೆಸ್‌ನಿಂದ ಶರದ್ ಪವಾರ್, ಸಂಗ್ಮಾ, ತಾರಿಕ್ ಅನ್ವರ್ ಹೊರಬಿದ್ದು ಎನ್‌ಸಿಪಿ ಕಟ್ಟಿದ್ದರು. ಕಾಂಗ್ರೆಸ್ 114ಕ್ಕೆ ಇಳಿಯಿತು. ಬಿಜೆಪಿ ಮತ್ತೆ 182. ಒಂದು ಸೀಟೂ ಏರಲಿಲ್ಲ, ಆದರೂ ಈ ಸಲ ಸರ್ಕಾರ ಗಟ್ಟಿಯಾಯಿತು. ಕಾರಣ, ಕೂಟ ದೊಡ್ಡದಾಗಿತ್ತು.

ಕರ್ನಾಟಕದಲ್ಲಿ ಮಾತ್ರ ಇದೇ ಔಷಧಿ ಉಲ್ಟಾ ಕೆಲಸ ಮಾಡಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ವಿಧಾನಸಭೆಯನ್ನೂ ಅವಧಿಗೆ ಮುಂಚೆ ವಿಸರ್ಜಿಸಿ, ಬಿಜೆಪಿ ಕೂಟದ ಜೊತೆ ಹೋದರು. ಜನತಾದಳ ಎರಡಾಯಿತು. ಪಟೇಲರದ್ದು ಜೆಡಿಯು, ದೇವೇಗೌಡರದ್ದು ಜೆಡಿಎಸ್. ನಿನ್ನೆಯವರೆಗೆ ಪಟೇಲರ ಸರ್ಕಾರವನ್ನು ಬೈದುಕೊಂಡು ತಿರುಗಿದ ಬಿಜೆಪಿ ಕಾರ್ಯಕರ್ತ ಇವತ್ತು ಅವರ ಅಭ್ಯರ್ಥಿಗೆ ಮತ ಕೇಳಬೇಕು. ಹೇಗೆ ಕೇಳುತ್ತಾನೆ? ಲೋಕಸಭೆಯಲ್ಲಿ ಕಾಂಗ್ರೆಸ್‌ಗೆ 18, ವಿಧಾನಸಭೆಯಲ್ಲಿ 132. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಜೆಡಿಎಸ್‌ಗೆ ವಿಧಾನಸಭೆಯಲ್ಲಿ ಸಿಕ್ಕಿದ್ದು 10. ದೇವೇಗೌಡರೇ ಹಾಸನದಲ್ಲಿ ಸೋತರು. ಬಳ್ಳಾರಿಯಲ್ಲಿ ಸೋನಿಯಾ, ಸುಷ್ಮಾ ಸ್ವರಾಜ್ ಎದುರಾಬದುರಾದ ಚುನಾವಣೆ ಇದೇ. ದೇಶವೆಲ್ಲ ಬಳ್ಳಾರಿಯನ್ನೇ ನೋಡುತ್ತಿತ್ತು. ಈ ರಾಜ್ಯದ ಫಲಿತಾಂಶ ತೀರ್ಮಾನವಾಗಿದ್ದು ಮಾತ್ರ ಜನತಾದಳ ಒಡೆದ ಜುಲೈನಲ್ಲಿ.

ಮೇಲಿನವರು ಕೈಕುಲುಕಿದರೆ ಮತ ತಾನಾಗಿ ವರ್ಗವಾಗುವುದಿಲ್ಲ. 1971ರ ಮಹಾಮೈತ್ರಿಯ ಕಥೆಯೂ ಇದೇ. 2018ರಲ್ಲಿ ತೆಲಂಗಾಣದಲ್ಲೂ ಇದನ್ನೇ ನೋಡಿದೆವು. ಕೆ. ಚಂದ್ರಶೇಖರ ರಾವ್ ಸೆಪ್ಟೆಂಬರ್ 6ಕ್ಕೆ ವಿಧಾನಸಭೆ ವಿಸರ್ಜಿಸಿದರು. ಅವತ್ತೇ 105 ಅಭ್ಯರ್ಥಿಗಳ ಹೆಸರನ್ನೂ ಹೇಳಿಬಿಟ್ಟರು. ಕಾಂಗ್ರೆಸ್ ಹೋಗಿ ಚಂದ್ರಬಾಬು ನಾಯ್ಡು ಜೊತೆ ಸೇರಿತು. ಪ್ರತ್ಯೇಕ ರಾಜ್ಯಕ್ಕೆ ಹೋರಾಡಿದ ಜನರ ಮುಂದೆ ಆಂಧ್ರದ ನಾಯಕನನ್ನು ನಿಲ್ಲಿಸಿದ ಹಾಗಾಯಿತು. ಕೆಸಿಆರ್‌ಗೆ 119ರಲ್ಲಿ 88.

ಈಗ 2004. ಇದನ್ನು ಎಲ್ಲರೂ ‘ಭಾರತ ಪ್ರಕಾಶಿಸುತ್ತಿದೆ’ ಜಾಹೀರಾತಿನ ಸೋಲು ಎಂದು ಹೇಳುತ್ತಾರೆ. ಹಳ್ಳಿಯವರಿಗೆ ಸಿಟ್ಟು ಬಂತು, ವಾಜಪೇಯಿ ಸೋತರು, ಅಷ್ಟೇ. ನನಗೆ ಈ ವಿವರಣೆ ಪೂರ್ತಿ ಒಪ್ಪಿಗೆಯಿಲ್ಲ. ಬಿಜೆಪಿ 2003ರ ಡಿಸೆಂಬರ್‌ನಲ್ಲಿ ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಢ ಗೆದ್ದಿತ್ತು. ಮಳೆ ಚೆನ್ನಾಗಿತ್ತು. ಅಕ್ಟೋಬರ್‌ವರೆಗೆ ಯಾಕೆ ಕಾಯಬೇಕು ಎಂದು ಫೆಬ್ರವರಿ 6ಕ್ಕೆ ಲೋಕಸಭೆ ವಿಸರ್ಜಿಸಿದರು. ದಿನಾಂಕದ ಲೆಕ್ಕ ಸರಿಯಾಗೇ ಇತ್ತು.

ಜೊತೆಗಾರರ ಲೆಕ್ಕ ನೋಡಿ. ಡಿಎಂಕೆ 2003ರ ಡಿಸೆಂಬರ್‌ನಲ್ಲೇ ಕೂಟ ಬಿಟ್ಟಿತ್ತು. ಬಿಜೆಪಿ ಮತ್ತೆ ಜಯಲಲಿತಾ ಕಡೆ ಹೋಯಿತು. ಕಾಂಗ್ರೆಸ್ ಹಿಂದೆ ಏನು ಹೇಳಿತ್ತು ಗೊತ್ತಾ? 1998ರಲ್ಲಿ ಪಚ್‌ಮಢಿಯಲ್ಲಿ ಕೂತು, ನಾವು ಒಬ್ಬರೇ ನಡೆಯುತ್ತೇವೆ, ಸಮ್ಮಿಶ್ರ ಎಲ್ಲ ತಾತ್ಕಾಲಿಕ ಎಂದಿತ್ತು. 2003ರ ಜುಲೈನಲ್ಲಿ ಶಿಮ್ಲಾದಲ್ಲಿ ಆ ಮಾತು ಬದಲಿಸಿತು. ಸೋನಿಯಾ ಪಕ್ಕದ ಮನೆಯ ರಾಂ ವಿಲಾಸ್ ಪಾಸ್ವಾನ್ ಹತ್ತಿರ ನಡೆದುಕೊಂಡೇ ಹೋದರು. ಜೈನ್ ಆಯೋಗದ ವರದಿ ಹಿಡಿದು ಯಾವ ಡಿಎಂಕೆಯನ್ನು ಹೊರಹಾಕಿ ಎಂದಿದ್ದರೋ, ಅದೇ ಡಿಎಂಕೆ ಜೊತೆ ಸೀಟು ಹಂಚಿಕೊಂಡರು. ಆಂಧ್ರದಲ್ಲಿ ಕೆಸಿಆರ್ ಅವರ ಟಿಆರ್‌ಎಸ್ ಮತ್ತು ಎಡಪಕ್ಷಗಳು. ಬಿಹಾರದಲ್ಲಿ ಲಾಲು ಮತ್ತು ಪಾಸ್ವಾನ್. ತಮಿಳುನಾಡಿನ 39ಕ್ಕೆ 39 ಡಿಎಂಕೆ ಕೂಟಕ್ಕೆ ಬಂತು. ಆಂಧ್ರದ 42ರಲ್ಲಿ ತೆಲುಗು ದೇಶಂಗೆ ಉಳಿದದ್ದು 5. ದೇಶದಲ್ಲಿ ಕಾಂಗ್ರೆಸ್ 145, ಬಿಜೆಪಿ 138. ಬರೀ ಏಳು ಸೀಟಿನ ವ್ಯತ್ಯಾಸ. ಚೆನ್ನೈ, ಹೈದರಾಬಾದ್, ಪಟ್ನಾಗಳಲ್ಲಿ ಆದ ಸೀಟು ಹಂಚಿಕೆಯನ್ನು ತೆಗೆದುಬಿಟ್ಟು ಈ ಫಲಿತಾಂಶವನ್ನು ವಿವರಿಸಲು ನನಗಂತೂ ಆಗಿಲ್ಲ. ಜಾಹೀರಾತಿನ ಕಥೆ ಹೇಳಲು ಸುಲಭ, ಅದಕ್ಕೇ ಉಳಿದುಕೊಂಡಿದೆ.

ಅದೇ ಗಾಳಿಯಲ್ಲಿ ಇಲ್ಲಿ ಎಸ್.ಎಂ. ಕೃಷ್ಣ ಅವರೂ ವಿಧಾನಸಭೆಯನ್ನು ಎಂಟು ತಿಂಗಳು ಮುಂಚೆ ವಿಸರ್ಜಿಸಿದರು. ಬೆಂಗಳೂರಿಗೆ ಒಳ್ಳೆ ಹೆಸರಿತ್ತು, ಹಳ್ಳಿಗಳಲ್ಲಿ ಬರವಿತ್ತು. ಬರದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಬಂಗಾರಪ್ಪನವರ ಬಗ್ಗೆ ಕಡಿಮೆ. ಕಾಂಗ್ರೆಸ್‌ನಲ್ಲಿದ್ದ ಅವರು ಆ ವಾರಗಳಲ್ಲೇ ಬಿಜೆಪಿಗೆ ಹೋದರು. ಶಿವಮೊಗ್ಗದಲ್ಲಿ ಗೆದ್ದರು. ಸೊರಬದಲ್ಲಿ ಅವರ ಇಬ್ಬರು ಮಕ್ಕಳು, ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಬಿಜೆಪಿ, ಪರಸ್ಪರ ಎದುರು ನಿಂತರು. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಐದು ವರ್ಷದ ಹಿಂದೆ ಹತ್ತಕ್ಕೆ ಇಳಿದಿದ್ದ ಪಕ್ಷ 58! ಬಂಗಾರಪ್ಪ ಮರು ವರ್ಷವೇ ಬಿಜೆಪಿಯನ್ನೂ ಬಿಟ್ಟರು, ಅದು ಬೇರೆ ಮಾತು.

ಹಾಗಂತ ಮುಂಚೆ ಹೋದವರೆಲ್ಲ ಸೋತಿದ್ದಾರೆ ಎಂದಲ್ಲ. ನಮ್ಮಲ್ಲೇ ಹೆಗಡೆಯವರ 1985 ಇದೆ. 1984ರ ಡಿಸೆಂಬರ್‌ನ ಲೋಕಸಭೆ ಚುನಾವಣೆಯಲ್ಲಿ ಅವರ ಜನತಾ ಪಕ್ಷಕ್ಕೆ 28ರಲ್ಲಿ ಸಿಕ್ಕಿದ್ದು 4. ಜನ ನಮ್ಮ ಮೇಲಿನ ನಂಬಿಕೆ ಕಳೆದುಕೊಂಡಿದ್ದಾರೆ, ಮತ್ತೆ ಕೇಳೋಣ ಎಂದು ವಿಧಾನಸಭೆ ವಿಸರ್ಜಿಸಿದರು. ಮಾರ್ಚ್‌ನಲ್ಲಿ 139 ಸೀಟು. ಸೋತ ಎರಡೂವರೆ ತಿಂಗಳಿಗೆ! ಇದನ್ನು ನೈತಿಕ ರಾಜಕಾರಣ ಎಂದು ಹೊಗಳುವವರಿದ್ದಾರೆ. ನಾನು ಇನ್ನೊಂದು ಅಂಕಿ ಕಡೆಗೂ ಕಣ್ಣು ಹಾಯಿಸಿ ಎನ್ನುತ್ತೇನೆ. 1983ರಲ್ಲಿ ಹೆಗಡೆ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದ ಬಿಜೆಪಿಗೆ ಆಗ 18 ಶಾಸಕರಿದ್ದರು. 1985ರಲ್ಲಿ 2. ಹೆಗಡೆಯವರು ಗೆದ್ದದ್ದು ಕಾಂಗ್ರೆಸ್ ವಿರುದ್ಧ ಮಾತ್ರ ಅಲ್ಲ. ಬೆಂಬಲ ಕೊಟ್ಟವರ ಮತವನ್ನೂ ತಮ್ಮದಾಗಿಸಿಕೊಂಡು, ಜೊತೆಗಾರರೇ ಬೇಡವಾಗುವಂತೆ ಮಾಡಿಕೊಂಡರು.

ಚುನಾವಣಾ ಆಯೋಗದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಯಕರ ಕೈಯಲ್ಲಿರುವುದು ವಿಸರ್ಜನೆ. ಮತದಾನದ ದಿನ ನಿಗದಿ ಮಾಡುವುದು ಆಯೋಗ. ಗುಜರಾತ್ ವಿಧಾನಸಭೆಯನ್ನು 2002ರ ಜುಲೈ 19ಕ್ಕೆ ವಿಸರ್ಜಿಸಿದಾಗ, ಪರಿಸ್ಥಿತಿ ಸರಿಯಿಲ್ಲ ಎಂದು ಆಯೋಗ ಬೇಗ ಚುನಾವಣೆ ಮಾಡಲು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮತದಾನವಾದದ್ದು ಡಿಸೆಂಬರ್‌ನಲ್ಲಿ. ಚಂದ್ರಬಾಬು ನಾಯ್ಡು ಮೇಲೆ 2003ರ ಅಕ್ಟೋಬರ್ 1ಕ್ಕೆ ತಿರುಪತಿ ಹತ್ತಿರ ಬಾಂಬ್ ದಾಳಿಯಾಯಿತು. ನವೆಂಬರ್‌ನಲ್ಲಿ ಅವರು ಸದನ ವಿಸರ್ಜಿಸಿದರು. ಆಯೋಗ ಮತದಾರರ ಪಟ್ಟಿ ಸರಿಮಾಡಬೇಕು ಎಂದಿತು. ಚುನಾವಣೆ ಏಪ್ರಿಲ್‌ಗೆ ಹೋಯಿತು. ಅಷ್ಟರಲ್ಲಿ ಅನುಕಂಪ ಆರಿತು, ಎದುರಾಳಿಗಳ ಸೀಟು ಹಂಚಿಕೆ ಮುಗಿಯಿತು. 294ರಲ್ಲಿ ನಾಯ್ಡು ಪಕ್ಷಕ್ಕೆ ಬಂದದ್ದು 47. ಅವಸರ ಮಾಡಿದವರಿಗೆ ಐದು ತಿಂಗಳು ಹಂಗಾಮಿ ಮುಖ್ಯಮಂತ್ರಿಯಾಗಿ ಕೂತು ಕಾಯುವ ಪಾಡು.

ನನ್ನ ಮಾತು ಇಲ್ಲಿಗೆ ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದರು: “ಸರ್, ಒಂದು ದೇಶ ಒಂದು ಚುನಾವಣೆ ಬಂದರೆ ಈ ಆಟವೆಲ್ಲ ನಿಲ್ಲುತ್ತದೆ ಅಲ್ವಾ?”

ಅರ್ಧ ನಿಲ್ಲುತ್ತದೆ ಎಂದೆ. 2024ರ ಡಿಸೆಂಬರ್ 17ಕ್ಕೆ ಲೋಕಸಭೆಯಲ್ಲಿ ಮಂಡಿಸಿದ 129ನೇ ತಿದ್ದುಪಡಿ ಮಸೂದೆಯಲ್ಲಿ ಒಂದು ನಿಯಮವಿದೆ. ಸದನ ಅವಧಿಗೆ ಮುಂಚೆ ವಿಸರ್ಜನೆಯಾದರೆ ಚುನಾವಣೆ ನಡೆಯುತ್ತದೆ. ಆದರೆ ಹೊಸ ಸದನಕ್ಕೆ ಐದು ವರ್ಷ ಸಿಗುವುದಿಲ್ಲ, ಹಳೆಯ ಸದನದಲ್ಲಿ ಉಳಿದಿದ್ದ ಅವಧಿ ಮಾತ್ರ. ಆಗ ಇಂದಿರಾ 1970ರಲ್ಲಿ ಮಾಡಿದಂತೆ ಯಾರೂ ಮಾಡುವುದಿಲ್ಲ. ಒಂದು ಚಿಲ್ಲರೆ ವರ್ಷಕ್ಕಾಗಿ ಯಾರು ಅಷ್ಟು ದೊಡ್ಡ ಪಣ ಕಟ್ಟುತ್ತಾರೆ? ತಾವಾಗಿ ತರುವ ಚುನಾವಣೆ ಕಡಿಮೆಯಾಗುತ್ತದೆ. ಕುಸಿದು ಬೀಳುವ ಸದನವನ್ನು ಯಾವ ಮಸೂದೆಯೂ ತಡೆಯುವುದಿಲ್ಲ. ಆಗ ಪಕ್ಷಗಳು ಸದನದ ಒಳಗೇ ಹೊಸ ಜೋಡಿ ಹುಡುಕಲು ನೋಡುತ್ತವೆ. ಚುನಾವಣೆಗೆ ಮುಂಚಿನ ಮೈತ್ರಿಯಾದರೆ ಮತದಾರ ಅದನ್ನು ನೋಡಿ ಹೌದು ಅಥವಾ ಬೇಡ ಎನ್ನಬಹುದು. ಒಳಗೆ ಆಗುವ ಮೈತ್ರಿಗೆ ಅವನ ಒಪ್ಪಿಗೆ ಬೇಕಿಲ್ಲ.

“ಹಳೆ ಚುನಾವಣೆಗೆ ಈ ನಿಯಮ ಹಾಕಿ ನೋಡಿದರೆ?” ಎಂದು ಅವರೇ ಮತ್ತೆ ಕೇಳಿದರು. ಒಳ್ಳೆ ಪ್ರಶ್ನೆ. 1996ರ ಲೋಕಸಭೆ ಸೇರಿದ್ದು ಆ ವರ್ಷದ ಮೇ ತಿಂಗಳಲ್ಲಿ. ಈ ನಿಯಮ ಆಗಲೇ ಇದ್ದಿದ್ದರೆ 1998ರ ಸದನವೂ 1999ರ ಸದನವೂ 2001ರ ಮೇಗೆ ಮುಗಿಯಬೇಕಿತ್ತು. 1999ರ ಅಕ್ಟೋಬರ್‌ನಲ್ಲಿ ಪೂರ್ತಿ ಕೂಟ ಕಟ್ಟಿಕೊಂಡು ಗೆದ್ದ ವಾಜಪೇಯಿಯವರಿಗೆ ಸಿಗುತ್ತಿದ್ದದ್ದು ಒಂದೂವರೆ ವರ್ಷ ಚಿಲ್ಲರೆ. ಐದು ವರ್ಷದೊಳಗೆ ದೇಶ ನಾಲ್ಕನೇ ಸಲ ಮತಗಟ್ಟೆಗೆ ಹೋಗಬೇಕಾಗುತ್ತಿತ್ತು.